ಕುಲುಮೆಯ ಸಹಾಬಿ: ಹಝ್ರತ್ ಖಬ್ಬಾಬ್ ಬಿನ್ ಅರತ್ತ್(ರ)

ಸಹಾಬಿಗಳ ಚರಿತ್ರೆ ಎಂದ ಕೂಡಲೇ ನಮ್ಮ ಮನಸ್ಸಿಗೆ ಬರುವುದು ಖಲೀಫರು, ಸೇನಾನಿಗಳು, ಸಾವಿರಾರು ಹದೀಸ್ ವರದಿ ಮಾಡಿದ ವಿದ್ವಾಂಸರು. ಮಿಂಬರ್‌ಗಳಲ್ಲಿ ನಾವು ಹೆಚ್ಚಾಗಿ ಸ್ಮರಿಸುವುದೂ ಅವರನ್ನೇ. ಆದರೆ ಪ್ರವಾದಿ(ಸ)ರ ಸುತ್ತ ನೆರೆದ ಆ ಸಮೂಹದಲ್ಲಿ ಅವರನ್ನು ಸೋರೆಕಾಯಿ ಸಾರಿನ ಊಟಕ್ಕೆ ಕರೆದ ಒಬ್ಬ ದರ್ಜಿ ಇದ್ದ. ಮದೀನಾದ ಮಸೀದಿಗೆ ಮಿಂಬರ್ ಮಾಡಿಕೊಟ್ಟ ಬಡಗಿ ಇದ್ದ. ನೇಯುವವರು, ಮಾಂಸ ಮಾರುವವರು, ಕುರಿ ಕಾಯುವವರು ಇದ್ದರು. ಇಮಾಮ್ ಬುಖಾರಿ(ರಹ್) ತಮ್ಮ ಹದೀಸ್ ಗ್ರಂಥದ ವ್ಯಾಪಾರದ ಭಾಗದಲ್ಲಿ ಕಮ್ಮಾರನಿಗೆ, ದರ್ಜಿಗೆ, ನೇಕಾರನಿಗೆ, ಬಡಗಿಗೆ ಬೇರೆ ಬೇರೆ ಅಧ್ಯಾಯ ಶೀರ್ಷಿಕೆಗಳನ್ನೇ ಕೊಟ್ಟಿದ್ದಾರೆ. ಅದರಲ್ಲಿ ಕಮ್ಮಾರನ ಅಧ್ಯಾಯದ ಕೆಳಗೆ ಬರುವ ಹೆಸರು ಹಝ್ರತ್ ಖಬ್ಬಾಬ್ ಬಿನ್ ಅರತ್ತ್(ರ) ಅವರದು.

ರಾಜ್ಯ ಆಳದ, ಸೈನ್ಯ ನಡೆಸದ, ಕಸುಬು ಮಾಡಿ ಮನೆ ನಡೆಸಿದ ಒಬ್ಬ ಮನುಷ್ಯನ ಬದುಕು ಹೇಗಿತ್ತು? ಅಂಗಡಿ, ಗ್ಯಾರೇಜ್, ವರ್ಕ್‌ಶಾಪ್‌ಗಳಲ್ಲಿ ದುಡಿಯುವವರೇ ಹೆಚ್ಚಾಗಿರುವ ನಮ್ಮ ಜಮಾಅತ್‌ಗಳಿಗೆ ಈ ಚರಿತ್ರೆ ತೀರಾ ಹತ್ತಿರದ್ದು.

ಊರು ಮತ್ತು ಕಸುಬು

ಅಂದಿನ ಮಕ್ಕಾ ಇಂದಿನಂತೆ ಮಹಾನಗರವಲ್ಲ. ಬೋಳು ಬೆಟ್ಟಗಳ ನಡುವಿನ ಒಂದು ಸಣ್ಣ ವ್ಯಾಪಾರದ ಊರು. ಬೇಸಾಯವಿಲ್ಲ, ತೋಟವಿಲ್ಲ. ಯಾರು ಯಾರ ಮಗ, ಯಾರು ಯಾವ ಗೋತ್ರ, ಯಾರು ಯಾರ ಗುಲಾಮ ಎಂಬುದು ಎಲ್ಲರಿಗೂ ಗೊತ್ತಿದ್ದ ಊರು. ಅಲ್ಲಿ ಮನುಷ್ಯನಿಗೆ ರಕ್ಷಣೆ ಎಂದರೆ ಅವನ ಗೋತ್ರ. ಗೋತ್ರವಿಲ್ಲದವನಿಗೆ ಏಟು ಬಿದ್ದರೆ ಕೇಳುವವರಿರಲಿಲ್ಲ.

ಖಬ್ಬಾಬ್(ರ) ಮೂಲತಃ ತಮೀಮ್ ಗೋತ್ರದವರು. ಗೋತ್ರಗಳ ನಡುವಿನ ಸುಲಿಗೆಯಲ್ಲಿ ಸೆರೆಸಿಕ್ಕಿ ಮಕ್ಕಾದಲ್ಲಿ ಮಾರಲ್ಪಟ್ಟರು. ಖುಝಾಅ ಗೋತ್ರದ ಉಮ್ಮು ಅನ್ಮಾರ್ ಎಂಬ ಮಹಿಳೆ ಅವರನ್ನು ಕೊಂಡಳು. ಅವರು ಕಲಿತ ಕಸುಬು ಕಮ್ಮಾರಿಕೆ. ಅದರಲ್ಲೂ ಖಡ್ಗ ಮಾಡುವುದು. ಕೆಂಡದ ಮುಂದೆ ಕುಳಿತು, ತಿದಿಯೊತ್ತಿ, ಕಾದ ಕಬ್ಬಿಣವನ್ನು ಅಡಿಗಲ್ಲಿನ ಮೇಲೆ ಬಡಿದು ಹದಕ್ಕೆ ತರುವ ಕೆಲಸ.

ಅರಬರಿಗೆ ಖಡ್ಗ ಬೇಕಿತ್ತು, ಖಡ್ಗ ಮಾಡುವವನು ಬೇಕಿರಲಿಲ್ಲ. ಖಡ್ಗ ಹಿಡಿದವನಿಗೆ ಕವಿಗಳ ಹೊಗಳಿಕೆ ಸಿಗುತ್ತಿತ್ತು. ಅದನ್ನು ಬಡಿದು ಕೊಟ್ಟವನನ್ನು ‘ಕೈನ್’ ಎನ್ನುತ್ತಿದ್ದರು. ಕಮ್ಮಾರ ಎಂಬ ಅರ್ಥದ ಆ ಪದ ಬೈಗುಳವಾಗಿಯೂ ಬಳಕೆಯಲ್ಲಿತ್ತು. ತಮ್ಮನ್ನು ಹಾಗೆ ಕರೆದುಕೊಳ್ಳಲು ಖಬ್ಬಾಬ್(ರ) ನಾಚಲಿಲ್ಲ. ಮುಂದೆ ಬದ್ರ್‌ನ ಸಹಾಬಿ ಎಂಬ ಗೌರವ ದೊರೆತ ಮೇಲೂ, ತಾನು ಮಕ್ಕಾದಲ್ಲಿ ‘ಕೈನ್’ ಆಗಿದ್ದೆ ಎಂದು ಆ ಪದದಿಂದಲೇ ಮಾತು ಆರಂಭಿಸಿ ತಮ್ಮ ಹದೀಸ್ ಹೇಳುತ್ತಿದ್ದರು.

ಬಾಕಿ ವಸೂಲಿ

ಪ್ರವಾದಿ(ಸ)ರ ಕರೆಗೆ ಓಗೊಟ್ಟ ಮೊದಲ ಕೆಲವೇ ಜನರಲ್ಲಿ ಖಬ್ಬಾಬ್(ರ) ಒಬ್ಬರು. ಆರನೆಯವರೆಂದು ಒಂದು ವರದಿಯಿದೆ. ಪ್ರವಾದಿ(ಸ) ಅರ್ಕಮ್(ರ)ರ ಮನೆಯಲ್ಲಿ ಬೋಧನೆ ಆರಂಭಿಸುವುದಕ್ಕೂ ಮೊದಲೇ ಅವರು ಇಸ್ಲಾಮ್ ಸ್ವೀಕರಿಸಿದ್ದರು.

ಆ ಕಾಲದ ಒಂದು ಘಟನೆಯನ್ನು ಅವರೇ ವರದಿ ಮಾಡಿದ್ದು, ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಆಸ್ ಬಿನ್ ವಾಇಲ್ ಎಂಬವನು ಮಕ್ಕಾದ ಸಹ್ಮ್ ಮನೆತನದ ಗಣ್ಯ. ಅವನಿಗೆ ಖಬ್ಬಾಬ್(ರ) ಒಂದು ಖಡ್ಗ ಮಾಡಿಕೊಟ್ಟಿದ್ದರು. ಹಣ ಬಾಕಿ ಇತ್ತು. ಕೇಳಲು ಹೋದಾಗ, ಮುಹಮ್ಮದ್(ಸ)ರನ್ನು ನಿರಾಕರಿಸಿದರೆ ಮಾತ್ರ ಕೊಡುವೆನೆಂದು ಆತ ಹೇಳಿದ. ನೀನು ಸತ್ತು ಮತ್ತೆ ಎಬ್ಬಿಸಲ್ಪಟ್ಟರೂ ಅದು ನನ್ನಿಂದಾಗದು ಎಂದು ಕಮ್ಮಾರನ ಉತ್ತರ. ಆಸ್ ಅದನ್ನು ಗೇಲಿಗೆ ತಿರುಗಿಸಿದ. ಸತ್ತ ಮೇಲೆ ಮತ್ತೆ ಏಳುವುದಿದ್ದರೆ ಅಲ್ಲಿಯೂ ನನಗೆ ಸಂಪತ್ತು, ಸಂತಾನ ಇದ್ದೇ ಇರುತ್ತದೆ. ಅಲ್ಲೇ ಬಂದು ನಿನ್ನ ಬಾಕಿ ತೆಗೆದುಕೋ ಎಂದ.

ಸೂರಾ ಮರ್ಯಮ್‌ನ 77ರಿಂದ 80ರವರೆಗಿನ ಆಯತ್‌ಗಳು ಈ ಸಂದರ್ಭದಲ್ಲಿ ಅವತೀರ್ಣವಾದವು. ಅವುಗಳ ಸಾರ ಇಷ್ಟು: ಪರಲೋಕದಲ್ಲೂ ತನಗೆ ಧನ, ಮಕ್ಕಳು ಸಿಗುವುದೆನ್ನುವ ಇವನು ಅಗೋಚರವನ್ನು ಇಣುಕಿ ನೋಡಿ ಬಂದಿದ್ದಾನೆಯೇ, ಇಲ್ಲವೇ ಅಲ್ಲಾಹನಿಂದ ಕರಾರು ಮಾಡಿಸಿಕೊಂಡಿದ್ದಾನೆಯೇ? ಅವನು ಆಡಿದ್ದೆಲ್ಲ ಬರೆದಿಡಲಾಗುವುದು. ಅವನು ನಮ್ಮ ಬಳಿಗೆ ಬರುವುದು ಒಂಟಿಯಾಗಿ.

ಸಹೋದರರೇ, ಇದನ್ನು ಸ್ವಲ್ಪ ನಿಧಾನವಾಗಿ ಯೋಚಿಸೋಣ. ಒಬ್ಬ ಕೆಲಸಗಾರನ ಮಜೂರಿಯನ್ನು ಊರಿನ ದೊಡ್ಡ ಮನುಷ್ಯ ತಡೆದಿಟ್ಟ. ಊರಿನ ಪಂಚಾಯ್ತಿಗೆ ಅದು ಒಂದು ಸಂಗತಿಯೇ ಅಲ್ಲ. ಆದರೆ ಅದರ ಕುರಿತು ಆಕಾಶದಿಂದ ಮಾತು ಇಳಿಯಿತು. ಲೋಕಾಂತ್ಯದವರೆಗೂ ಕುರ್‌ಆನ್ ಓದುವವರೆಲ್ಲ ಆ ಬಾಕಿಯ ಲೆಕ್ಕವನ್ನು ಓದುತ್ತಲೇ ಇರುತ್ತಾರೆ.

ಬೆನ್ನಿನ ಮೇಲಿನ ಗುರುತು

ಗೋತ್ರದ ಬಲವಿಲ್ಲದ ಖಬ್ಬಾಬ್(ರ)ರಿಗೆ ಮಕ್ಕಾ ತೋರಿದ ಕ್ರೌರ್ಯವನ್ನು ಇಬ್ನ್ ಸಅದ್ ದಾಖಲಿಸಿದ್ದಾರೆ. ಕಬ್ಬಿಣ ಕಾಯಿಸುತ್ತಿದ್ದವನನ್ನೇ ಕೆಂಡದ ಮೇಲೆ ಮಲಗಿಸಿದರು. ಒಬ್ಬ ಎದೆಯ ಮೇಲೆ ಕಾಲಿಟ್ಟು ನಿಂತ. ಬೆನ್ನಿನ ಕೊಬ್ಬು ಕರಗಿ ಬೆಂಕಿ ಆರಿತು.

ಈ ವಿಷಯ ಹೊರಬಂದದ್ದು ಬಹಳ ವರ್ಷಗಳ ನಂತರ. ಖಲೀಫಾ ಉಮರ್(ರ) ತಮ್ಮ ಪಕ್ಕದಲ್ಲಿ ಅವರನ್ನು ಕೂರಿಸಿಕೊಂಡು, ಈ ಜಾಗಕ್ಕೆ ಇವರಿಗಿಂತ ಅರ್ಹರು ಬಿಲಾಲ್(ರ) ಒಬ್ಬರೇ ಎಂಬ ಮಾತನ್ನಾಡಿದರು. ಬಿಲಾಲ್‌ರ ಪರವಾಗಿ ನಿಲ್ಲುವವರಾದರೂ ಇದ್ದರು, ನನಗೆ ಯಾರೂ ಇರಲಿಲ್ಲ ಎಂದ ಖಬ್ಬಾಬ್(ರ) ತಮ್ಮ ಬೆನ್ನನ್ನು ತೆರೆದು ತೋರಿಸಿದರು. ಸುಟ್ಟ ಚರ್ಮ ಬೆಳ್ಳಗಾಗಿ ಹೋಗಿತ್ತು.

ಆ ಕಷ್ಟದ ದಿನಗಳಲ್ಲಿ ಅವರು ಪ್ರವಾದಿ(ಸ)ರ ಬಳಿ ದೂರು ಕೊಂಡೊಯ್ದದ್ದೂ ಉಂಟು. ಪ್ರವಾದಿ(ಸ) ಕಅಬಾದ ನೆರಳಿನಲ್ಲಿ ಹೊದಿಕೆಯನ್ನು ತಲೆದಿಂಬಾಗಿಸಿ ಒರಗಿದ್ದರು. ನಮಗಾಗಿ ಸಹಾಯ ಬೇಡುವುದಿಲ್ಲವೇ, ದುಆ ಮಾಡುವುದಿಲ್ಲವೇ ಎಂದು ಕೇಳಿದರು. ಹಿಂದಿನ ಸಮುದಾಯಗಳ ವಿಶ್ವಾಸಿಗಳನ್ನು ಗರಗಸದಿಂದ ಸೀಳಿದರೂ ಅವರು ಧರ್ಮ ಬಿಡಲಿಲ್ಲ ಎಂದು ಪ್ರವಾದಿ(ಸ) ನೆನಪಿಸಿದರು. ಸನ್ಆದಿಂದ ಹದ್ರಮೌತ್‌ವರೆಗೆ ಒಬ್ಬ ಪ್ರಯಾಣಿಕ ಅಲ್ಲಾಹನ ಭಯ ಮತ್ತು ತನ್ನ ಕುರಿಗಳಿಗೆ ತೋಳದ ಭಯ ಬಿಟ್ಟರೆ ಬೇರೇನೂ ಇಲ್ಲದೆ ನಡೆದು ಹೋಗುವ ದಿನ ಬರುವುದೆಂದು ಹೇಳಿ, ನೀವು ಆತುರಪಡುತ್ತಿದ್ದೀರಿ ಎಂದರು. ಈ ಹದೀಸನ್ನು ನಮಗೆ ತಲುಪಿಸಿದವರು ಖಬ್ಬಾಬ್(ರ) ಅವರೇ. ತನ್ನ ದೂರನ್ನೂ ತನಗೆ ಸಿಕ್ಕ ತಿದ್ದುಪಡಿಯನ್ನೂ ಮುಚ್ಚಿಡದೆ ಮುಂದಿನವರಿಗೆ ಒಪ್ಪಿಸಿದರು.

ಹಗಲಲ್ಲಿ ಹೀಗಿದ್ದರೂ ಅವರು ಕಲಿಯುವುದನ್ನು, ಕಲಿಸುವುದನ್ನು ನಿಲ್ಲಿಸಲಿಲ್ಲ. ಉಮರ್(ರ) ಖಡ್ಗ ಹಿಡಿದು ಪ್ರವಾದಿ(ಸ)ರನ್ನು ಕೊಲ್ಲಲು ಹೊರಟು, ದಾರಿಯಲ್ಲಿ ತಂಗಿಯ ಮನೆಗೆ ನುಗ್ಗಿದ ಪ್ರಸಂಗ ನಿಮಗೆಲ್ಲ ಗೊತ್ತಿದೆ. ಆ ಮನೆಯಲ್ಲಿ ಫಾತಿಮಾ(ರ) ಮತ್ತು ಅವರ ಪತಿ ಸಈದ್(ರ)ರಿಗೆ ಸೂರಾ ತಾಹಾ ಕಲಿಸುತ್ತಿದ್ದ ಉಸ್ತಾದ್ ಈ ಕಮ್ಮಾರ. ಇಬ್ನ್ ಇಸ್ಹಾಕ್ ಹೇಳುವಂತೆ ಉಮರ್‌ರ ಸದ್ದು ಕೇಳಿ ಅವರು ಒಳಗೆ ಅಡಗಿಕೊಂಡರು. ಉಮರ್‌ರ ಮನಸ್ಸು ಕರಗಿದ್ದು ಗೊತ್ತಾದಾಗ ಹೊರಬಂದು, ಪ್ರವಾದಿ(ಸ)ರ ದುಆ ನಿಮ್ಮ ಪಾಲಿಗೆ ಒಲಿದಿದೆಯೆಂದು ಆಶಿಸುತ್ತೇನೆ ಎಂದು ಧೈರ್ಯ ತುಂಬಿದರು. ಮುಂದೆ ಅಮೀರುಲ್ ಮುಅ್‌ಮಿನೀನ್ ಆಗಲಿದ್ದವರ ಮೊದಲ ಪಾಠದ ಪಕ್ಕದಲ್ಲಿ ನಿಂತಿದ್ದದ್ದು ಕುಲುಮೆಯ ಮಸಿ ಹತ್ತಿದ ಕೈ.

ಆಡು ಕರೆದ ಪ್ರವಾದಿ(ಸ)

ಹಿಜ್ರತ್‌ನ ನಂತರ ಖಬ್ಬಾಬ್(ರ) ಮದೀನಾದಲ್ಲಿ ನೆಲೆಸಿದರು. ಬದ್ರ್ ಸೇರಿದಂತೆ ಪ್ರವಾದಿ(ಸ)ರ ಜೊತೆಗಿನ ಎಲ್ಲ ಯುದ್ಧಗಳಲ್ಲಿ ಭಾಗವಹಿಸಿದರು. ಈಗ ಅವರಿಗೆ ಹೆಂಡತಿ, ಮಕ್ಕಳ ಸಂಸಾರವಿತ್ತು. ಆ ಮನೆಯ ಒಂದು ನೆನಪನ್ನು ಅವರ ಮಗಳು ಹೇಳಿದ್ದು ಇಮಾಮ್ ಅಹ್ಮದ್(ರಹ್)ರ ಮುಸ್ನದ್‌ನಲ್ಲಿದೆ.

ತಂದೆ ಒಂದು ದಂಡಯಾತ್ರೆಗೆ ಹೋಗಿದ್ದರು. ಮನೆಯಲ್ಲಿ ಒಂದು ಆಡಿತ್ತು, ಕರೆಯಲು ಜನವಿರಲಿಲ್ಲ. ಪ್ರವಾದಿ(ಸ) ಸ್ವತಃ ಆ ಮನೆಯ ಬೇಕು ಬೇಡಗಳನ್ನು ವಿಚಾರಿಸಿಕೊಳ್ಳುತ್ತಿದ್ದರು. ಬಂದು ಆಡಿನ ಹಾಲನ್ನೂ ಕರೆದು ಕೊಡುತ್ತಿದ್ದರು. ಮನೆಯಲ್ಲಿದ್ದ ದೊಡ್ಡ ಬೋಗುಣಿ ತುಂಬಿ ಉಕ್ಕುತ್ತಿತ್ತು. ಖಬ್ಬಾಬ್(ರ) ಮರಳಿ ಬಂದು ಕರೆದಾಗ ಹಾಲು ಮೊದಲಿನಷ್ಟೇ ಬಂತು. ಅವರು ಕರೆದರೆ ಉಕ್ಕುತ್ತಿತ್ತು, ನೀವು ಕರೆದರೆ ಕಡಿಮೆಯಾಯಿತು ಎಂದು ಮನೆಯವರು ಹೇಳಿದರು.

ಈ ಹದೀಸ್‌ನಲ್ಲಿ ನಾವು ಬರ್ಕತ್ ಅನ್ನು ಮಾತ್ರ ನೋಡಿ ಮುಂದೆ ಹೋಗುತ್ತೇವೆ. ಆದರೆ ಹಾಲು ಉಕ್ಕುವ ಮೊದಲು ಒಬ್ಬರು ಆ ಮನೆಯ ತನಕ ನಡೆದು ಹೋಗಬೇಕಲ್ಲವೇ? ಮದೀನಾದ ನಾಯಕರು, ಅಲ್ಲಾಹನ ರಸೂಲರು, ದೂರ ಹೋದ ಒಬ್ಬ ಕಸುಬುದಾರನ ಮನೆಯ ಆಡಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತರು. ನಮ್ಮ ಕರಾವಳಿಯ ಎಷ್ಟೋ ಮನೆಗಳ ಗಂಡಸರು ದುಡಿಯಲು ಗಲ್ಫ್‌ನಲ್ಲಿದ್ದಾರೆ. ಒಳನಾಡಿನ ಎಷ್ಟೋ ಮನೆಗಳ ಗಂಡಸರು ಬೆಂಗಳೂರಿನಲ್ಲೋ ಲಾರಿಯಲ್ಲೋ ಇದ್ದಾರೆ. ಆ ಮನೆಗಳಲ್ಲಿ ಗ್ಯಾಸ್ ಸಿಲಿಂಡರ್ ಖಾಲಿಯಾದಾಗ, ಮಗುವಿಗೆ ರಾತ್ರಿ ಜ್ವರ ಬಂದಾಗ, ಶಾಲೆಯಲ್ಲಿ ಪೋಷಕರ ಸಹಿ ಕೇಳಿದಾಗ ವಿಚಾರಿಸುವವರು ಯಾರು? ಪಕ್ಕದ ಮನೆಯ ಹೆಂಗಸರು, ಜಮಾಅತ್‌ನ ಹಿರಿಯರು ಮರ್ಯಾದೆಯಿಂದ ವಿಚಾರಿಸಿಕೊಂಡರೆ ಅದು ಬರಿಯ ಉಪಕಾರವಲ್ಲ, ಸುನ್ನತ್.

ಕಮ್ಮಾರನ ಮನೆಗೆ ಪ್ರವಾದಿ(ಸ) ಹೋದದ್ದು ಇದೊಂದೇ ಅಲ್ಲ. ಅವರ ಪುತ್ರ ಇಬ್ರಾಹೀಮ್‌ರನ್ನು ಹಾಲೂಡಿಸಲು ಬಿಟ್ಟಿದ್ದದ್ದು ಮದೀನಾದ ಅಬೂ ಸೈಫ್ ಎಂಬ ಕಮ್ಮಾರನ ಮನೆಯಲ್ಲಿ. ಆ ಮನೆ ಹೊಗೆಯಿಂದ ತುಂಬಿರುತ್ತಿತ್ತು. ಒಮ್ಮೆ ಅನಸ್(ರ) ಮುಂದೆ ಓಡಿಹೋಗಿ, ರಸೂಲರು ಬಂದರು, ತಿದಿ ನಿಲ್ಲಿಸು ಎಂದು ಹೇಳಿದರಂತೆ. ಪ್ರವಾದಿ(ಸ) ಆ ಹೊಗೆಯ ಮನೆಯೊಳಗೆ ಹೋಗಿ ಮಗುವನ್ನು ಎತ್ತಿ ಮುದ್ದಾಡಿದರು. ತಿದಿ ಊದುವವನ ಗೆಳೆತನದಿಂದ ಬಟ್ಟೆ ಸುಡುತ್ತದೆ, ಕಸ್ತೂರಿ ಮಾರುವವನ ಗೆಳೆತನದಿಂದ ಸುವಾಸನೆ ಬರುತ್ತದೆ ಎಂಬ ಅರ್ಥದ ಹದೀಸನ್ನು ಹಿಡಿದು ಕೆಲವರು ಕಮ್ಮಾರಿಕೆ ಕೀಳೆಂದು ತಿಳಿಯುತ್ತಾರೆ. ಅಲ್ಲಿರುವುದು ಕೆಟ್ಟ ಸಹವಾಸದ ಉಪಮೆ. ಕಿಡಿ ಮತ್ತು ಹೊಗೆ ಹೇಗೆ ಪಕ್ಕದವರನ್ನು ಮುಟ್ಟುತ್ತವೆ ಎಂಬ ಮಾತು. ಕಸುಬಿನ ನಿಂದೆಯಾಗಿದ್ದರೆ ತಮ್ಮ ಕರುಳಕುಡಿಯನ್ನು ಅವರು ಆ ಮನೆಯಲ್ಲಿ ಬೆಳೆಯಲು ಬಿಡುತ್ತಿರಲಿಲ್ಲ.

ಹಣ ಬಂದ ಮೇಲೆ

ಹಿಜ್ರಿ 17ರಲ್ಲಿ ಇರಾಕ್‌ನಲ್ಲಿ ಕೂಫಾ ನಗರ ಸ್ಥಾಪನೆಯಾಯಿತು. ಖಬ್ಬಾಬ್(ರ) ಕೊನೆಯ ವರ್ಷಗಳನ್ನು ಅಲ್ಲಿ ಕಳೆದರು. ಅಷ್ಟರಲ್ಲಿ ಇಸ್ಲಾಮೀ ರಾಜ್ಯ ವಿಸ್ತಾರವಾಗಿತ್ತು. ಹಳೆಯ ಸಹಾಬಿಗಳಿಗೆ ಬೈತುಲ್ ಮಾಲ್‌ನಿಂದ ವೇತನ ಬರುತ್ತಿತ್ತು. ಒಂದು ಖಡ್ಗದ ಮಜೂರಿಗಾಗಿ ಆಸ್‌ನ ಬಾಗಿಲಲ್ಲಿ ನಿಂತವರ ಮನೆಯಲ್ಲಿ ಈಗ ದುಡ್ಡಿತ್ತು.

ಅದು ಅವರಿಗೆ ಸಂತೋಷಕ್ಕಿಂತ ಹೆಚ್ಚಾಗಿ ಭಯವನ್ನೇ ತಂದಿತು. ಕಾಯಿಲೆಯಿಂದ ಹೊಟ್ಟೆಯ ಮೇಲೆ ಏಳು ಕಡೆ ಬರೆ ಹಾಕಿಸಿಕೊಂಡು ಮಲಗಿದ್ದಾಗ ನೋಡಲು ಬಂದವರೊಡನೆ ಅವರು ಆಡಿದ ಮಾತುಗಳು ಹದೀಸ್ ಗ್ರಂಥಗಳಲ್ಲಿವೆ. ಪ್ರವಾದಿ(ಸ)ರ ಕಾಲದಲ್ಲಿ ನನ್ನಲ್ಲಿ ಒಂದು ದಿರ್ಹಮ್ ಇರಲಿಲ್ಲ, ಈಗ ಮನೆಯ ಮೂಲೆಯಲ್ಲಿ 40,000 ಇದೆ ಎಂದರು. ಮರಣ ಬೇಡುವುದನ್ನು ಪ್ರವಾದಿ(ಸ) ನಿಷೇಧಿಸದಿದ್ದರೆ ನಾನು ಬೇಡುತ್ತಿದ್ದೆ ಎಂದರು. ಕಫನ್‌ನ ಬಟ್ಟೆ ತಂದು ತೋರಿಸಿದಾಗ ಅತ್ತರು. ಹಝ್ರತ್ ಹಂಝಾ(ರ)ರಿಗೆ ಮೈಮುಚ್ಚುವಷ್ಟು ಬಟ್ಟೆಯೂ ಸಿಗದಿದ್ದುದು ನೆನಪಾಯಿತು.

ಉಹುದ್‌ನಲ್ಲಿ ಹುತಾತ್ಮರಾದ ಮುಸ್ಅಬ್ ಬಿನ್ ಉಮೈರ್(ರ)ರನ್ನೂ ಅವರು ಮರೆಯಲಿಲ್ಲ. ಇದ್ದ ಒಂದೇ ಹೊದಿಕೆಯಿಂದ ತಲೆ ಮುಚ್ಚಿದರೆ ಕಾಲು ಕಾಣುತ್ತಿತ್ತು, ಕಾಲು ಮುಚ್ಚಿದರೆ ತಲೆ ಕಾಣುತ್ತಿತ್ತು. ಕೊನೆಗೆ ಪ್ರವಾದಿ(ಸ)ರ ಆದೇಶದಂತೆ ತಲೆ ಮುಚ್ಚಿ, ಕಾಲಿಗೆ ಇದ್ಖಿರ್ ಹುಲ್ಲು ಹಾಕಿದರು. ಅಂಥವರು ತಮ್ಮ ಪ್ರತಿಫಲವನ್ನು ಇಲ್ಲಿ ಸ್ವಲ್ಪವೂ ಉಣ್ಣದೆ ಹೋದರು. ನಮ್ಮಲ್ಲಿ ಕೆಲವರ ಹಣ್ಣು ಇಲ್ಲೇ ಮಾಗಿತು, ಕಿತ್ತು ತಿನ್ನುತ್ತಿದ್ದೇವೆ ಎಂಬುದು ಖಬ್ಬಾಬ್(ರ)ರ ಕಳವಳ. ಇನ್ನೊಮ್ಮೆ ಜನರು ಬಂದಾಗ ಅವರು ಮನೆಯ ಗೋಡೆ ಕಟ್ಟುತ್ತಿದ್ದರು. ಖರ್ಚು ಮಾಡಿದ್ದಕ್ಕೆಲ್ಲ ವಿಶ್ವಾಸಿಗೆ ಪ್ರತಿಫಲವಿದೆ, ಈ ಮಣ್ಣಿಗೆ ಹಾಕುವುದರ ಹೊರತು ಎಂದು ಹೇಳಿದರು.

ಅವರು ಗೋಡೆ ಕಟ್ಟುವುದನ್ನು ಬಿಡಲಿಲ್ಲ. ಸಂಸಾರಸ್ಥನಿಗೆ ಗೋಡೆ ಬೇಕು. ಆದರೆ ಗೋಡೆಯನ್ನೇ ತನ್ನ ಗಳಿಕೆ ಎಂದು ತಿಳಿಯಲಿಲ್ಲ. ಮನೆಗೆ ಮೂರನೇ ಮಹಡಿ ಏರಿಸುವಾಗ, ಗ್ರಾನೈಟ್ ಆರಿಸುವಾಗ ನಾವು ನೆನಪಿಡಬೇಕಾದ ಮಾತು ಇದು.

ಮರಣ, ಮತ್ತು ಮಗ

ಹಿಜ್ರಿ 37ರಲ್ಲಿ, 73ನೆಯ ವಯಸ್ಸಿನಲ್ಲಿ ಖಬ್ಬಾಬ್(ರ) ಕೂಫಾದಲ್ಲಿ ನಿಧನರಾದರೆಂದು ಇಬ್ನ್ ಸಅದ್ ಬರೆಯುತ್ತಾರೆ. ಸಿಫ್ಫೀನ್‌ನಿಂದ ಮರಳಿದ ಹಝ್ರತ್ ಅಲಿ(ರ) ಅವರ ಜನಾಝ ನಮಾಝ್ ನಿರ್ವಹಿಸಿದರು. ಆವರೆಗೆ ಕೂಫಾದ ಜನರು ಮೃತರನ್ನು ತಂತಮ್ಮ ಮನೆಯ ಅಂಗಳದಲ್ಲಿ ದಫನ ಮಾಡುತ್ತಿದ್ದರು. ಖಬ್ಬಾಬ್(ರ) ತಮ್ಮನ್ನು ಊರ ಹೊರಗಿನ ಬಯಲಿನಲ್ಲಿ ಮಣ್ಣು ಮಾಡುವಂತೆ ವಸಿಯ್ಯತ್ ಮಾಡಿದರು. ಅದನ್ನು ನೋಡಿ ಇತರರೂ ಅಲ್ಲಿಯೇ ದಫನ ಮಾಡತೊಡಗಿದರು. ಇಚ್ಛೆಯಿಂದ ಇಸ್ಲಾಮ್ ಸ್ವೀಕರಿಸಿ, ವಿಧೇಯತೆಯಿಂದ ಹಿಜ್ರತ್ ಮಾಡಿ, ಮುಜಾಹಿದ್ ಆಗಿ ಬಾಳಿ, ದೇಹದಲ್ಲಿ ಪರೀಕ್ಷೆ ಅನುಭವಿಸಿದವರು ಎಂದು ಅಲಿ(ರ) ಅವರನ್ನು ಸ್ಮರಿಸಿ ದುಆ ಮಾಡಿದರು.

ಆ ಮನೆಯ ಪರೀಕ್ಷೆ ಅಲ್ಲಿಗೆ ಮುಗಿಯಲಿಲ್ಲ. ಸ್ವಲ್ಪ ಕಾಲದಲ್ಲೇ ಅವರ ಪುತ್ರ ಅಬ್ದುಲ್ಲಾಹ್‌ರನ್ನೂ, ಜೊತೆಗಿದ್ದ ಗರ್ಭಿಣಿಯನ್ನೂ ಖವಾರಿಜರು ನಹ್ರವಾನ್‌ನ ಹತ್ತಿರ ಕೊಂದರು. ಅಬ್ದುಲ್ಲಾಹ್ ಹಝ್ರತ್ ಅಲಿ(ರ)ರನ್ನು ಕಾಫಿರ್ ಎನ್ನಲು ಒಪ್ಪಲಿಲ್ಲ, ಅದೇ ಅಪರಾಧ. ಅದೇ ಜನ ಅದೇ ದಿನ, ಮರದಿಂದ ಬಿದ್ದಿದ್ದ ಒಂದು ಖರ್ಜೂರವನ್ನು ಯಜಮಾನನಿಗೆ ಬೆಲೆ ಕೊಡದೆ ಬಾಯಿಗೆ ಹಾಕಿದ ತಮ್ಮವನನ್ನು ತಡೆದು ಉಗುಳಿಸಿದ್ದರೆಂದು ತಬರಿಯ ಚರಿತ್ರೆ ಹೇಳುತ್ತದೆ. ಮುಶ್ರಿಕರ ಬೆಂಕಿಯಲ್ಲಿ ತಂದೆ ಬದುಕುಳಿದರು. ಕುರ್‌ಆನ್ ಓದುವವರ ಕತ್ತಿಗೆ ಮಗ ಬಲಿಯಾದರು. ಒಂದು ಖರ್ಜೂರದ ಹರಾಮ್ ಹಲಾಲ್ ತಿಳಿದು, ಒಂದು ಜೀವದ ಬೆಲೆ ತಿಳಿಯದ ಧರ್ಮಶ್ರದ್ಧೆಯಿಂದ ಅಲ್ಲಾಹನು ನಮ್ಮ ಯುವಕರನ್ನು ಕಾಪಾಡಲಿ.

ನಮಗೆ ಉಳಿದದ್ದು

ಖಬ್ಬಾಬ್(ರ)ರಿಂದ ವರದಿಯಾದ ಹದೀಸ್‌ಗಳು 32. ಸಂಖ್ಯೆ ದೊಡ್ಡದಲ್ಲ. ಆದರೆ ಅವುಗಳಲ್ಲೊಂದು ನಾವು ಪ್ರತಿದಿನ ನೆನೆಯಬಹುದಾದದ್ದು. ಝುಹ್ರ್ ಮತ್ತು ಅಸ್ರ್‌ನಲ್ಲಿ ಪ್ರವಾದಿ(ಸ) ಓದುತ್ತಿದ್ದರೇ ಎಂದು ಕೇಳಿದಾಗ ಹೌದೆಂದರು. ಸದ್ದಿಲ್ಲದ ನಮಾಝ್‌ನಲ್ಲಿ ಅದು ಹೇಗೆ ಗೊತ್ತಾಗುತ್ತಿತ್ತು ಎಂದರೆ, ಅವರ ಗಡ್ಡದ ಅಲುಗಾಟದಿಂದ ಎಂದು ಉತ್ತರ. ಕಬ್ಬಿಣದ ಬಣ್ಣ ನೋಡಿ ಕಾವು ಅಳೆಯುವ ಕಣ್ಣು ಅದು.

ನಮ್ಮ ಫಿಕ್ಹ್‌ನ ದೊಡ್ಡ ಹೆಸರುಗಳನ್ನು ನೋಡಿ. ವಕ್ಫ್ ಕಾನೂನಿನ ಬಗ್ಗೆ ಗ್ರಂಥ ಬರೆದ ಇಮಾಮ್ ಖಸ್ಸಾಫ್(ರಹ್) ಚಪ್ಪಲಿ ಹೊಲಿದು ಬದುಕಿದವರು. ಖಸ್ಸಾಫ್ ಎಂದರೆ ಅದೇ ಅರ್ಥ. ಕಫ್ಫಾಲ್ ಎಂದರೆ ಬೀಗ ಮಾಡುವವನು, ಜಸ್ಸಾಸ್ ಎಂದರೆ ಗಾರೆಯವನು. ನಮ್ಮ ಉತ್ತರ ಕರ್ನಾಟಕದ ನದಾಫ, ಅತ್ತಾರ, ಮಣಿಯಾರ, ಬಾಗವಾನ, ತಾಂಬೋಳಿ ಎಂಬ ಅಡ್ಡಹೆಸರುಗಳೂ ಅಂಥವೇ. ಹತ್ತಿ ಹಿಂಜಿದ, ಅತ್ತರು ಮಾರಿದ, ಬಳೆ ತೊಡಿಸಿದ, ಹಣ್ಣು ಮಾರಿದ, ವೀಳ್ಯದೆಲೆ ಕಟ್ಟಿದ ಅಜ್ಜಂದಿರ ಹಲಾಲ್ ದುಡಿಮೆಯ ಗುರುತುಗಳು ಅವು.

ಆದರೆ ಇಂದು ನಿಕಾಹ್‌ನ ಮಾತುಕತೆಗೆ ಕುಳಿತಾಗ ಏನಾಗುತ್ತದೆ? ಹುಡುಗನ ನಮಾಝ್ ಹೇಗೆ, ಸ್ವಭಾವ ಹೇಗೆ ಎಂದು ಕೇಳುವ ಮೊದಲೇ, ವೆಲ್ಡಿಂಗ್ ಶಾಪ್ ಎಂದ ಕೂಡಲೇ ಹುಡುಗಿಯ ಕಡೆಯವರ ಮುಖ ಬದಲಾಗುತ್ತದೆ. ಗ್ಯಾರೇಜ್‌ನಲ್ಲಿ ದುಡಿದು ಮಗನನ್ನು ಇಂಜಿನಿಯರ್ ಮಾಡಿದ ತಂದೆಯನ್ನು ಅದೇ ಮಗ ಗೆಳೆಯರಿಗೆ ಪರಿಚಯಿಸಲು ಹಿಂಜರಿಯುತ್ತಾನೆ. ಯಾರೂ ತನ್ನ ಕೈಯ ದುಡಿಮೆಗಿಂತ ಉತ್ತಮವಾದ ಅನ್ನ ಉಂಡಿಲ್ಲ, ದಾವೂದ್(ಅ) ತಮ್ಮ ಕೈಯ ದುಡಿಮೆಯಿಂದಲೇ ಉಣ್ಣುತ್ತಿದ್ದರು ಎಂದು ಪ್ರವಾದಿ(ಸ) ಕಲಿಸಿದ್ದಾರೆ. ದಾವೂದ್(ಅ)ರಿಗೆ ಅಲ್ಲಾಹನು ಮೆದುಗೊಳಿಸಿ ಕೊಟ್ಟದ್ದು ಇದೇ ಕಬ್ಬಿಣವನ್ನು.

ಇನ್ನೊಂದು ಮಾತು ಬಾಕಿಯ ಬಗ್ಗೆ. ಮೇಸ್ತ್ರಿಗೆ, ಪ್ಲಂಬರ್‌ಗೆ, ದರ್ಜಿಗೆ ಮುಂದಿನ ವಾರ ಬಾ ಎಂದು ಮೂರು ಸಲ ಹೇಳಿ ಕಳುಹಿಸಿ, ಜುಮಾದ ಮೊದಲ ಸಫ್‌ನಲ್ಲಿ ನಿಲ್ಲುವವರು ನಮ್ಮಲ್ಲಿಲ್ಲವೇ? ಕೆಲಸ ಪೂರ್ತಿ ಮಾಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಕಿಯಾಮತ್‌ನ ದಿನ ತಾನೇ ವಾದಿಯಾಗುವೆನೆಂದು ಅಲ್ಲಾಹನು ಹೇಳಿರುವುದಾಗಿ ಹದೀಸ್ ಇದೆ. ಆಸ್ ಬಿನ್ ವಾಇಲ್ ಪರಲೋಕವನ್ನೇ ನಂಬದವನು, ಹಾಗಾಗಿ ಅಲ್ಲಿಗೆ ಮುಂದೂಡಿದ. ಪರಲೋಕವನ್ನು ನಂಬಿದವರು ನಾವು. ಅಲ್ಲಿಗೆ ಮುಂದೂಡಿದರೆ ಕೊಡುವ ನಾಣ್ಯ ದಿರ್ಹಮ್ ಆಗಿರುವುದಿಲ್ಲ, ನಮ್ಮ ಸತ್ಕರ್ಮಗಳಾಗಿರುತ್ತವೆ. ಈ ಲೇಖನ ಓದಿ ಮುಗಿಸಿದವರು ಯಾರಿಗಾದರೂ ಕೂಲಿ ಬಾಕಿ ಇಟ್ಟಿದ್ದರೆ, ಮುಂದಿನ ಜುಮಾಕ್ಕೆ ಬರುವ ಮುನ್ನ ತೀರಿಸಿ ಬನ್ನಿ.

ಕೈಗೆ ಮಸಿ ಹತ್ತಿಸಿಕೊಂಡು ಹಲಾಲ್ ಅನ್ನ ತರುವ ಪ್ರತಿಯೊಬ್ಬ ತಂದೆಯ ದುಡಿಮೆಯಲ್ಲಿ ಅಲ್ಲಾಹನು ಬರ್ಕತ್ ನೀಡಲಿ, ಅವರ ಮಕ್ಕಳ ಮನಸ್ಸಿನಲ್ಲಿ ಅವರ ಬಗ್ಗೆ ಗೌರವ ತುಂಬಲಿ, ನಮ್ಮೆಲ್ಲರನ್ನೂ ಖಬ್ಬಾಬ್(ರ)ರಂತಹ ಸಜ್ಜನರ ಜೊತೆ ಎಬ್ಬಿಸಲಿ. ಆಮೀನ್.